ಗಸಿ ತಿಂದ ಭಾನುವಾರ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಗಂಡನನ್ನು ಬೈಯಲು ಸಲೀಸು.

ನಾವು ಮೈಸೂರಿನವರು. ಹನ್ನೊಂದು ವರ್ಷದಿಂದ ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇದ್ದೇವೆ. ನನ್ನ ಗಂಡ ತಿರುಮಲೇಶ, ಕಾರಿನ ಬ್ರೇಕುಗಳಿಗೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಬರೆಯುತ್ತಾರೆ. ಮಗಳು ಇಳಾಗೆ ಒಂಬತ್ತು ವರ್ಷ. ಕನ್ನಡದಲ್ಲಿ ಬೈದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ನಾನು ಪ್ರಭಾ. ಬಾಟನಿ ಎಂ.ಎಸ್ಸಿ. ಮಾಡಿ ಆರು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ಇಲ್ಲಿಗೆ ಬಂದ ಮೇಲೆ ನನ್ನ ಬಾಟನಿಯೆಲ್ಲ ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ, ಮೊಸರಿನ ಖಾಲಿ ಡಬ್ಬಗಳಲ್ಲಿ ಕೊತ್ತಂಬರಿ ಸೊಪ್ಪು ಬೆಳೆಸುವುದಕ್ಕೆ ಬಂದು ನಿಂತಿದೆ. ಮಣ್ಣು ಬೇಕೆಂದರೆ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ತರಬೇಕು. ನಗಬೇಡಿ, ಅದಕ್ಕಾಗಿ ನಾನು ಕೂತು ಅತ್ತಿದ್ದೂ ಉಂಟು.

ಊರಾಚೆ ಬಾಡಿಗೆ ತೋಟಗಳ ಸಾಲೊಂದಿದೆ. ಒಂದೊಂದು ತೋಟಕ್ಕೂ ಒಂದು ಬೇಲಿ, ಒಂದು ನಂಬರು, ಬೊಂಬೆಮನೆಯಂಥ ಒಂದು ಮರದ ಗುಡಿಸಲು. ನಾಲ್ಕು ವರ್ಷದಿಂದ ನನ್ನ ಹೆಸರು ಅದರ ಕಾಯುವ ಪಟ್ಟಿಯಲ್ಲಿ ಕೊಳೆಯುತ್ತಿತ್ತು. ಈ ಜುಲೈನಲ್ಲಿ ಹದಿನಾಲ್ಕನೇ ನಂಬರಿನ ಹೇಬರ್ಲೆ ಅಜ್ಜಿ ಮಂಡಿ ಆಪರೇಷನ್ ಮಾಡಿಸಿಕೊಂಡು, ಇನ್ನು ನನ್ನ ಕೈಲಾಗುವುದಿಲ್ಲ ಎಂದು ತೋಟ ಬಿಟ್ಟುಕೊಡಲು ಹೊರಟರು. ಬೇಲಿಯ ಆಚೆ ಈಚೆ ನಿಂತು ಎರಡು ವರ್ಷದಿಂದ ನಾವಿಬ್ಬರೂ ಗಿಡಗಳ ಲ್ಯಾಟಿನ್ ಹೆಸರು ಹೇಳಿಕೊಂಡು ಹರಟುತ್ತಿದ್ದೆವು. ನನ್ನ ಜರ್ಮನ್ ಕುಂಟುತ್ತದೆ, ಲ್ಯಾಟಿನ್ ಓಡುತ್ತದೆ. ತೋಟ ಯಾರಿಗೆ ಕೊಡಬೇಕೆಂಬ ಅಜ್ಜಿಯ ಮಾತನ್ನು ತೋಟಗಳ ಸಂಘದವರು ಮೀರುವವರಲ್ಲ. ಅಜ್ಜಿ ಇಬ್ಬರನ್ನು ಆರಿಸಿಟ್ಟುಕೊಂಡಿದ್ದರು: ನಾವು, ಮತ್ತು ಫ್ಲೈಡರರ್ ಎಂಬ ದಂಪತಿ. ಶನಿವಾರ ಇಬ್ಬರಿಗೂ ಒಂದೊಂದು ಬಟ್ಟಲು ರಾಸ್ಪ್‌ಬೆರಿ ಕಿತ್ತು ಕೊಟ್ಟು, "ನಾಳೆ ಮೂರು ಗಂಟೆಗೆ ಇಲ್ಲೇ ಕಾಫಿ. ಇದನ್ನು ಹಾಕಿ ಏನಾದರೂ ಬೇಯಿಸಿ ತನ್ನಿ. ಆಮೇಲೆ ಹೇಳುತ್ತೇನೆ," ಎಂದರು.

ಮನೆಗೆ ಬಂದವಳು ಕೂರಲಿಲ್ಲ, ನಿಲ್ಲಲಿಲ್ಲ. ಇಲ್ಲಿನವರ ಮುಂದೆ ಇಲ್ಲಿನ ಕೇಕು ಮಾಡಿ ಗೆಲ್ಲುವ ಹುಚ್ಚು ನನಗಿಲ್ಲ. ಅವರು ತೊಟ್ಟಿಲಲ್ಲೇ ಚೀಸ್ ಕೇಕ್ ಕಲಿತು ಬಂದಿರುತ್ತಾರೆ. ಹುಡುಕಿ ಹುಡುಕಿ ಸಿಕ್ಕಿದ್ದು ಫ್ರೆಂಚರ ಪುಟ್ಟ ಬಾದಾಮಿ ಕೇಕು. ಬಾದಾಮಿ ಪುಡಿ, ಸಕ್ಕರೆ, ಕಂದುಬಣ್ಣ ಬರುವಂತೆ ಕಾಯಿಸಿದ ಬೆಣ್ಣೆ, ಸ್ವಲ್ಪ ಮೈದಾ, ಮೊಟ್ಟೆಯ ಬಿಳಿ. ಓದಿ ನಗು ಬಂತು. ಇದರಲ್ಲಿ ಫ್ರೆಂಚರದ್ದೇನು ಬಂತು ಮಣ್ಣು? ನಮ್ಮ ಬಾದಾಮಿ ಹಲ್ವಾಕ್ಕೇ ಮೊಟ್ಟೆ ಬೆರೆಸಿ ಓವನ್ನಿಗೆ ತಳ್ಳಿದ್ದಾರೆ ಅಷ್ಟೇ. ಬೆಣ್ಣೆ ಕಾಯಿಸುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೆ!

ಮೊಟ್ಟೆಯ ವಿಷಯಕ್ಕೆ ನಮ್ಮ ಮನೆಯಲ್ಲೊಂದು ಒಪ್ಪಂದವಿದೆ: ಕೇಕಿನ ಒಳಗೆ ಹೋದ ಮೊಟ್ಟೆ ಮೊಟ್ಟೆಯಲ್ಲ. ಆದರೆ ಭಾನುವಾರ ಬೆಳಗ್ಗೆ ಹಳದಿ ಭಾಗಗಳು ಕೇಕಿನ ಹೊರಗೆ, ಲೋಟದಲ್ಲಿ ಉಳಿದುಬಿಟ್ಟವು. ಇವರು ಅದನ್ನೇ ಗಾಬರಿಯಿಂದ ನೋಡುತ್ತಾ ನಿಂತರು.

"ಇದನ್ನೇನ್ ಮಾಡೋದೇ ಪ್ರಭಾ?"

"ತಲೆಗೆ ಹಚ್ಕೊಳ್ಳಿ. ಕೂದ್ಲಿಗೆ ಒಳ್ಳೇದಂತೆ."

"ಕೂದ್ಲು ಎಲ್ಲಿದೆ?"

"ಅದಕ್ಕೇ ಹೇಳಿದ್ದು."

ಅಷ್ಟು ಖುಷಿಯಲ್ಲಿದ್ದೆ ನಾನು. ಹಾಡು ಗುನುಗುತ್ತಾ ಇಡೀ ಪ್ಯಾಕೆಟ್ ಬೆಣ್ಣೆಯನ್ನು ಬಾಣಲೆಗೆ ಹಾಕಿದೆ. ಕರಗಿತು, ಕುದಿಯಿತು, ಚಟಪಟ ಮಾತಾಡಿತು, ಆಮೇಲೆ ಸುಮ್ಮನಾಯಿತು. ಬೆಣ್ಣೆ ಸುಮ್ಮನಾದರೆ ತುಪ್ಪ ಆಯಿತೆಂದು ಅರ್ಥ. ಇದನ್ನು ನಾನು ಕಣ್ಣಿನಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತೇನೆ. ಒಲೆ ಆರಿಸಿದೆ. ಟೀ ಸೋಸುವ ಜಾಲರಿ ತಾನಾಗಿ ಕೈಗೆ ಬಂತು. ಸ್ಟೀಲ್ ಪಾತ್ರೆಗೆ ಚೆಂದವಾಗಿ, ತಿಳಿಯಾಗಿ ಸೋಸಿಟ್ಟು, ಜಾಲರಿಯಲ್ಲಿ ಉಳಿದದ್ದನ್ನು ಬಾಣಲೆಗೇ ಕೊಡವಿ, ಬಾಣಲೆಯನ್ನು ಪಕ್ಕಕ್ಕೆ ಸರಿಸಿದೆ. ಇಪ್ಪತ್ತು ವರ್ಷದ ಅಭ್ಯಾಸ. ಯೋಚಿಸುವ ಪ್ರಶ್ನೆಯೇ ಇಲ್ಲ.

ಬಾದಾಮಿ ಪುಡಿಯನ್ನು ಮೊಟ್ಟೆಯ ಬಿಳಿಯೊಂದಿಗೆ ಕಲಸಿ ಫೋನಿನಲ್ಲಿ ಮುಂದಿನ ಸಾಲು ಓದಿದೆ. "ಬೆಣ್ಣೆಯನ್ನು ಸೋಸಬಾರದು. ತಳದ ಕಂದು ಕಣಗಳನ್ನು ಒಂದೂ ಬಿಡದೆ ಸೇರಿಸಿ. ಈ ಕೇಕಿನ ಪರಿಮಳವೆಲ್ಲ ಅದರಲ್ಲೇ ಇದೆ."

ತಳದ ಕಂದು ಕಣ ಎಂದರೆ ಗಸಿ. ನಮ್ಮ ತುಪ್ಪದ ಗಸಿ! ಅಯ್ಯೋ, ಪುಣ್ಯಕ್ಕೆ ಬಾಣಲೆ ಇನ್ನೂ ತೊಳೆದಿಲ್ಲ ಎಂದು ತಿರುಗಿದೆ.

ಅಪ್ಪ ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ನಡುವೆ ಬಾಣಲೆ. ಪಕ್ಕದಲ್ಲಿ ಮುಚ್ಚಳ ತೆಗೆದ ಸಕ್ಕರೆ ಡಬ್ಬ. ಇಬ್ಬರ ಕೈಯಲ್ಲೂ ಚಮಚ. ಬಾಣಲೆ ಕನ್ನಡಿ ಥರ ಹೊಳೆಯುತ್ತಿತ್ತು.

"ಅಮ್ಮಾ, ಲೆಕರ್!" ಎಂದು ಜರ್ಮನ್‌ನಲ್ಲಿ ರುಚಿ ಹೊಗಳಿದಳು ಇಳಾ, ತುಟಿಯ ಸುತ್ತ ಸಕ್ಕರೆ ಅಂಟಿಸಿಕೊಂಡು.

"ರೀ! ಎಷ್ಟು ತಿಂದ್ರಿ?"

"ಎಷ್ಟು ಏನು, ಇದ್ದಿದ್ದೇ ಅಷ್ಟು," ಎಂದರು ಇವರು ಮುಗ್ಧ ಮುಖ ಮಾಡಿಕೊಂಡು. "ಯಾವಾಗ್ಲೂ ಗಸಿ ನಂದೇ ತಾನೇ? ಮದುವೆ ಆದಾಗಿಂದ ನಂದೇ. ಇವತ್ತೇನ್ ಹೊಸದಾಗಿ?"

ಅದು ನಿಜ. ತುಪ್ಪ ಕಾಯಿಸಿದ ದಿನ ಗಸಿಗೆ ಸಕ್ಕರೆ ಬೆರೆಸಿ ಇವರ ಕೈಗೆ ಕೊಡುವವಳು ನಾನೇ. ನಿಜವಾದ್ದರಿಂದಲೇ ಸಿಟ್ಟು ಇನ್ನೂ ನೆತ್ತಿಗೇರಿತು. ಭಾನುವಾರ. ಈ ದೇಶದಲ್ಲಿ ಭಾನುವಾರ ಹಾಲು, ಬೆಣ್ಣೆ, ಬೆಂಕಿಪೊಟ್ಟಣ, ಏನೂ ಸಿಕ್ಕುವುದಿಲ್ಲ. ಅಂಗಡಿಗಳೆಲ್ಲ ಬಾಗಿಲು ಜಡಿದಿರುತ್ತವೆ. ಮನೆಯಲ್ಲಿದ್ದ ಬೆಣ್ಣೆ ಒಂದೇ ಪ್ಯಾಕೆಟ್. ಗಂಟೆ ಹನ್ನೊಂದೂವರೆ.

"ನನ್ನ ತೋಟ ತಿಂದ್ಹಾಕಿದ್ರಲ್ರೀ!" ಎಂದು ಕೂಗಿದೆ. "ಎದ್ದೇಳಿ. ಸೈಕಲ್ ತಗೊಂಡು ಪೆಟ್ರೋಲ್ ಬಂಕಿಗೆ ಓಡಿ. ಅಲ್ಲಿ ಅಂಗಡಿ ತೆಗೆದಿರತ್ತೆ. ಬೆಣ್ಣೆ ಇಲ್ದೆ ಮನೆಗೆ ಬರ್ಬೇಡಿ!"

ಅರ್ಧ ಗಂಟೆಯ ಮೇಲೆ ಬೆವರಿಳಿಸಿಕೊಂಡು ಬಂದರು. ವಿಜಯಶಾಲಿ ನಗು. ಕೈಯಲ್ಲಿ ಚಿನ್ನದ ಬಣ್ಣದ ಕಾಗದದ ಸುರುಳಿ. ಬಿಚ್ಚಿ ನೋಡಿದೆ. ಬೆಣ್ಣೆಯೇ. ಬೆಳ್ಳುಳ್ಳಿ ಮತ್ತು ಹಸಿರು ಸೊಪ್ಪು ಹಾಕಿ ನಾದಿದ, ಮಾಂಸ ಸುಡುವಾಗ ಮೇಲಿಡುವ ಬೆಣ್ಣೆ.

"ಇದೊಂದೇ ಇತ್ತು ಕಣೇ," ಎಂದರು. "ಸೊಪ್ಪು ತಾನೇ? ಕಾಯ್ಸಿ ಸೋಸಿಬಿಟ್ರೆ ಆಗಲ್ವಾ?"

"ಸೋಸೋ ಮಾತು ಇನ್ನೊಂದ್ಸಲ ಎತ್ತಿದ್ರೆ ನಿಮ್ಮನ್ನೇ ಆ ಜಾಲರೀಲಿ ಸೋಸ್ತೀನಿ!"

ಇಳಾ ನೆಲದ ಮೇಲೆ ಉರುಳಾಡಿ ನಕ್ಕಳು. ಇವರಿಗೂ ನಗು ತಡೆಯಲಾಗಲಿಲ್ಲ. ನಾನು ಸೌಟು ಎತ್ತಿದವಳು, ದೇವರಾಣೆ, ಅಳಬೇಕೆಂದೇ ಬಾಯಿ ತೆರೆದೆ, ಹೊರಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ತೋಟ ಕೈತಪ್ಪಿತೆಂದು ಖಾತ್ರಿಯಾಯಿತು.

ಬೇರೆ ದಾರಿಯಿರಲಿಲ್ಲ. ಇದ್ದ ತಿಳಿ ತುಪ್ಪವನ್ನೇ ಹಿಟ್ಟಿಗೆ ಸುರಿದೆ. ಫ್ರೆಂಚರ ಪುಟ್ಟ ಅಚ್ಚು ನನ್ನ ಬಳಿ ಎಲ್ಲಿಂದ ಬರಬೇಕು? ಇಡ್ಲಿ ತಟ್ಟೆಗಳಿಗೆ ತುಪ್ಪ ಸವರಿ, ಗುಳಿಗಳಿಗೆ ಹಿಟ್ಟು ಹಾಕಿ, ಒಂದೊಂದರ ನೆತ್ತಿಗೂ ಎರಡೆರಡು ರಾಸ್ಪ್‌ಬೆರಿ ಒತ್ತಿ ಓವನ್ನಿಗಿಟ್ಟೆ. ಅಂಚು ಕೆಂಪಾಗಿ, ನಡುವೆ ಹಣ್ಣಿನ ರಸ ಒಸರಿ, ನೋಡಲು ಮುದ್ದಾಗಿಯೇ ಬಂದವು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಚೆನ್ನಾಗಿತ್ತು, ಅಷ್ಟೇ. ಬರೀ ಚೆನ್ನಾಗಿರುವುದಕ್ಕೆ ಯಾರು ತೋಟ ಕೊಡುತ್ತಾರೆ?

ಮೂರು ಗಂಟೆಗೆ ಹದಿನಾಲ್ಕನೇ ನಂಬರಿನ ಗೇಟು ತೆರೆದಾಗ ಫ್ಲೈಡರರ್ ದಂಪತಿ ಆಗಲೇ ಕೂತಿದ್ದರು. ಒಳ್ಳೆಯ ಜನ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಳ್ಳಬಹುದಿತ್ತು. ಮೇಜಿನ ಮೇಲೆ ಅವರ ಚೀಸ್ ಕೇಕ್. ಒಂದು ಬಿರುಕಿಲ್ಲ. ಮೇಲೆ ರಾಸ್ಪ್‌ಬೆರಿಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅದರ ಪಕ್ಕಕ್ಕೆ ನನ್ನ ಇಡ್ಲಿ ಆಕಾರದ ಕೇಕಿನ ಡಬ್ಬ ಇಟ್ಟೆ. ಇವರು ಮೆಲ್ಲಗೆ, "ಭಯ ಬೀಳ್ಬೇಡ ಕಣೇ," ಎಂದರು. ಕಣ್ಣಲ್ಲೇ ಸುಟ್ಟುಬಿಟ್ಟೆ.

ಹೇಬರ್ಲೆ ಅಜ್ಜಿ ಚೀಸ್ ಕೇಕ್ ತಿಂದು ತಲೆಯಾಡಿಸಿದರು. ಆಮೇಲೆ ನನ್ನದೊಂದನ್ನು ಎತ್ತಿ, ತಿರುಗಿಸಿ ನೋಡಿ, ಕಚ್ಚಿ, ನಿಧಾನಕ್ಕೆ ಅಗಿದರು.

"ಚೆನ್ನಾಗಿದೆ, ಫ್ರಾವ್ ಪ್ರಭಾ," ಎಂದರು. "ಆದರೆ ಏನೋ ಒಂದು ಕಮ್ಮಿ ಇದೆ."

ಸುಮ್ಮನಿರಬೇಕಿತ್ತು. ಮುಗುಳ್ನಕ್ಕು ಕಾಫಿ ಕುಡಿಯಬೇಕಿತ್ತು. ನನ್ನ ಬಾಯಿ ಎಂದಾದರೂ ನನ್ನ ಮಾತು ಕೇಳಿದೆಯೆ?

"ಕಮ್ಮಿಯಾಗಿರುವುದು ಇವರ ಹೊಟ್ಟೆಯಲ್ಲಿದೆ!" ಎಂದು ಗಂಡನತ್ತ ಬೆರಳು ತೋರಿಸಿದೆ. ಜರ್ಮನ್‌ನಲ್ಲಿ ನಾನು ಅಷ್ಟು ನೆಟ್ಟಗೆ, ಒಂದೂ ತಪ್ಪಿಲ್ಲದೆ ಮಾತಾಡಿದ್ದು ಅದೇ ಮೊದಲು.

ಫ್ಲೈಡರರ್ ಹೆಂಡತಿ ಚಮಚ ಕೆಳಗಿಟ್ಟಳು. ಇವರು ಗಂಟಲು ಸರಿಪಡಿಸಿಕೊಂಡು ಎದ್ದು ನಿಂತರು. ಆಫೀಸಿನ ಮೀಟಿಂಗಿನಲ್ಲಿ ಬ್ರೇಕು ಯಾಕೆ ಕೆಟ್ಟಿತೆಂದು ವಿವರಿಸುವ ದನಿಯಲ್ಲೇ ಎಲ್ಲ ಹೇಳಿದರು: ಹೆಂಡತಿ ಬೆಣ್ಣೆ ಸೋಸಿದ್ದು, ಬಾಣಲೆಯ ತಳ, ಸಕ್ಕರೆ, ಮದುವೆಯಾದಾಗಿನ ಹಕ್ಕು, ಕೊನೆಗೆ ಬೆಳ್ಳುಳ್ಳಿ ಬೆಣ್ಣೆ. "ನಾನೂ ತಿಂದೆ," ಎಂದು ಇಳಾ ಪಾಪ ಅಪ್ಪನ ಪರ ನಿಂತಳು.

ಅಜ್ಜಿಯ ಭುಜ ಅಲುಗಾಡತೊಡಗಿತು. ಕೆಮ್ಮು ಬಂತೇನೋ ಎಂದು ನಾನು ನೀರಿಗೆ ಕೈ ಚಾಚಿದೆ. ನಗು! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ನಮ್ಮಮ್ಮ ಭಾನುವಾರ ನೂಡಲ್ಸ್ ಮೇಲೆ ಬೆಣ್ಣೆ ಕೆಂಪಗೆ ಕಾಯಿಸಿ ಸುರಿಯುತ್ತಿದ್ದಳು," ಎಂದರು. "ಬಾಣಲೆಯ ತಳಕ್ಕೆ ನಾವು ಐದು ಜನ ಹೊಡೆದಾಡುತ್ತಿದ್ದೆವು. ನಾನೇ ಎಲ್ಲರಿಗಿಂತ ಚಿಕ್ಕವಳು, ನನಗೆ ಒಂದು ದಿನವೂ ಸಿಕ್ಕಲಿಲ್ಲ. ಗುಡಿಸಲಲ್ಲಿ ಬೆಣ್ಣೆಯಿದೆ. ಗ್ಯಾಸ್ ಒಲೆಯೂ ಇದೆ. ಏಳಿ."

ಆ ಪುಟ್ಟ ಗುಡಿಸಲಲ್ಲಿ ಆರು ಜನ ಒಬ್ಬರ ಮೇಲೊಬ್ಬರು ನಿಂತೆವು. ಬೆಣ್ಣೆ ಚಟಪಟ ಎನ್ನತೊಡಗಿದಾಗ ಫ್ಲೈಡರರ್ ಏನೋ ಕೇಳಲು ಬಾಯಿ ತೆರೆದ. "ಶ್! ಮಾತಾಡಬೇಡಿ, ನನಗೆ ಕೇಳಿಸಬೇಕು," ಎಂದು ಗದರಿಸಿದೆ. ದೊಡ್ಡ ಮನುಷ್ಯ, ಕ್ಲಾಸಿನ ಹಿಂದಿನ ಬೆಂಚಿನ ಹುಡುಗನಂತೆ ಬಾಯಿ ಮುಚ್ಚಿಕೊಂಡ. ಎಲ್ಲರೂ ಬಾಣಲೆಯತ್ತ ಕಿವಿಯಿಟ್ಟು ನಿಂತರು. ಸದ್ದು ಇಳಿಯಿತು, ಇನ್ನೂ ಇಳಿಯಿತು, ನಿಂತಿತು. ಒಲೆ ಆರಿಸಿದೆ. ಹುರಿದ ಬೀಜದಂಥ ಘಮ ಗುಡಿಸಲು ತುಂಬಿತು. ಇವರು ಕಣ್ಣು ಮುಚ್ಚಿಕೊಂಡು "ಆಹಾ!" ಎಂದರು.

ಸೋಸಲಿಲ್ಲ, ಸದ್ಯ. ಗಸಿಯ ಸಮೇತ ಕೇಕುಗಳ ಮೇಲೆ ಸುರಿದೆ. ಅಜ್ಜಿ ಬಾಗಿಲ ಪಕ್ಕದ ಗಿಡದಿಂದ ಬಿಸಿಲಿಗೆ ಬೆಚ್ಚಗಾದ ರಾಸ್ಪ್‌ಬೆರಿ ಕಿತ್ತು ಮೇಲೆ ಉದುರಿಸಿದರು. ಆಮೇಲೆ ತಟ್ಟೆ ಗಿಟ್ಟೆ ಎಂದು ಯಾರೂ ಕೇಳಲಿಲ್ಲ. ಬೆರಳಿನಿಂದ ತುಪ್ಪ ಮೊಣಕೈವರೆಗೆ ಇಳಿಯುತ್ತಿತ್ತು. ಕೇಕು ಖಾಲಿಯಾಗಿ, ಆರು ಚಮಚಗಳು ಒಂದೇ ಬಾಣಲೆಗೆ ಇಳಿದವು. ಎಂಜಲು ಎಂಬ ಪದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನಮ್ಮತ್ತೆ ನೋಡಿದ್ದರೆ ಆರು ಜನಕ್ಕೂ ಅಲ್ಲೇ ತಲೆಗೆ ನೀರು ಹಾಕಿಸುತ್ತಿದ್ದರು. ಕೊನೆಯ ಕೆರೆತಕ್ಕೆ ಇವರ ಚಮಚವೂ ಅಜ್ಜಿಯ ಚಮಚವೂ ಒಟ್ಟಿಗೆ ಹೋದವು. ಇವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಮದುವೆಯಾದ ಗಂಡಸು ಗಸಿ ಬಿಟ್ಟುಕೊಟ್ಟದ್ದನ್ನು ಈ ಕಣ್ಣಿಂದ ನೋಡಿದೆ.

ಅಜ್ಜಿ ಅದನ್ನು ನೆಕ್ಕಿ ಮುಗಿಸಿ, ಬಾಣಲೆಯನ್ನು ನನ್ನ ಕೈಗಿಟ್ಟರು.

"ತೊಳೆದುಬಿಡಿ. ನಲ್ಲಿ ಗುಡಿಸಲ ಹಿಂದಿದೆ, ಸ್ವಲ್ಪ ಬಿಗಿ. ಅಲ್ಲೇ ಕೆಳಗೆ ನೆಲದಲ್ಲಿ ಒಂದು ವಾಲ್ವ್ ಇದೆ. ನವೆಂಬರ್ ಬಂತೆಂದರೆ ಮರೆಯದೆ ಮುಚ್ಚಿಬಿಡಿ. ಒಂದು ವರ್ಷ ನಾನು ಮರೆತು, ಚಳಿಗೆ ಪೈಪು ಒಡೆದುಹೋಯಿತು."

"ಆಯ್ತು, ಆಯ್ತು," ಎಂದು ಹೋದೆ. ಬಾಣಲೆಯ ಜಿಡ್ಡು ಬರೀ ನೀರಿಗೆ ಬಿಡಲಿಲ್ಲ. ಕಾಲ ಬುಡದ ಮಣ್ಣನ್ನೇ ಒಂದು ಹಿಡಿ ತೆಗೆದು ಹಾಕಿ ಗಸಗಸ ಉಜ್ಜತೊಡಗಿದೆ. ಅರ್ಧ ಉಜ್ಜಿದ ಮೇಲೆ ಕೈ ನಿಂತಿತು.

ಎದ್ದು ತಿರುಗಿದೆ. ಅಜ್ಜಿ ಗುಡಿಸಲ ಮೂಲೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ನವೆಂಬರ್‌ನಲ್ಲಿ, ನಾನೇ?" ಎಂದೆ.

"ಮತ್ತಿನ್ಯಾರು? ಅದಕ್ಕೂ ಮುಂಚೆ ಮುಚ್ಚಿದರೆ ಕೋಸಿಗೆ ನೀರಿರುವುದಿಲ್ಲ," ಎಂದರು, ಏನೂ ಆಗದವರಂತೆ.

ಅವರ ಹಿಂದೆ ಬಂದಿದ್ದ ಫ್ಲೈಡರರ್ ಹೆಂಡತಿಯ ಮುಖ ಸಣ್ಣದಾಯಿತು. ಆದರೂ ಮುಂದೆ ಬಂದು ನನ್ನ ಮಣ್ಣುಗೈಯನ್ನೇ ಹಿಡಿದು ಕುಲುಕಿದಳು. ಒಳ್ಳೆಯ ಜನ ಎಂದೆನಲ್ಲ.

"ರೀ!" ಎಂದು ಕಿರುಚಿದೆ. ಇವರು ಹಾವು ಕಚ್ಚಿತೇನೋ ಎಂದು ಓಡಿಬಂದರು, ಹಿಂದೆ ಇಳಾ. ಒದ್ದೆ ಬಾಣಲೆ ಹಿಡಿದುಕೊಂಡೇ ಕುಣಿದೆ, ಅತ್ತೆ, ನಕ್ಕೆ, ಮಣ್ಣುಗೈಯಲ್ಲೇ ಅಜ್ಜಿಯನ್ನು ತಬ್ಬಿಕೊಂಡೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಬರುವ ನವೆಂಬರ್‌ನಲ್ಲಿ ಈ ದೇಶದಲ್ಲಿ ನಾನೇ ಮಾಡಬೇಕಾದ ಒಂದು ಕೆಲಸವಿತ್ತು.