ಇಬ್ಬರ ಮಾತಿಗೂ ಒಂದೇ ಬಾಯಿ

ಭಾವ ತೀರಿಕೊಂಡ ನಲವತ್ತನೆಯ ದಿನದ ಕಾರ್ಯ ಮುಗಿಯುತ್ತಲೇ ಅವರ ಸೋದರಳಿಯ ಬೋಹೆನ್ ಬಂದು, ಮನೆ ತಮ್ಮ ಕುಲದ್ದು, ಖಾಲಿ ಮಾಡಿ ಎಂದ. ನಮ್ಮಲ್ಲಿ ಗಂಡಸಿನ ಆಸ್ತಿ ಹೆಂಡತಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಜಾಗ ಅವರ ಕುಲದ್ದು ನಿಜ. ಆದರೆ ಆ ಮನೆಯ ಒಂದೊಂದು ಇಟ್ಟಿಗೆಯೂ ನನ್ನ ಅಕ್ಕ ಪಿನಮಾಂಗ್, ಕೊನೊಂಗೊ ಊರಿನ ಸಂತೆಯಲ್ಲಿ ಗೆಣಸು ಮಾರಿ ತಂದದ್ದು. ಅಕ್ಕ ಜಗ್ಗಲಿಲ್ಲ. ಬೋಹೆನ್ ಕೋರ್ಟಿಗೆ ಹೋದ.

"ಜಗಳ ಯಾಕತ್ತೆ? ಕುಮಾಸೀಲಿ ಲಾಯರ್ ಇಟ್ಟಿದೀನಿ. ನಿಮ್ಮ ಮಾತೂ ಅವರ ಹತ್ರಾನೇ ಹೇಳ್ಬಿಡಿ," ಎಂದು ಬೆಣ್ಣೆಯಂತೆ ಮಾತಾಡಿ ಹೋದ.

ಅಕ್ಕನಿಗೆ ಅದು ಸರಿಯೆನಿಸಿತು. ನಮ್ಮಲ್ಲಿ ದೊರೆಯ ಎದುರು ಯಾರೂ ನೇರವಾಗಿ ಬಾಯಿಬಿಡುವಂತಿಲ್ಲ. ಪಕ್ಕದಲ್ಲಿ ಕೋಲು ಹಿಡಿದು ಕೂತ ಒಚಿಯಾಮೆಗೆ ಹೇಳಬೇಕು. ದೂರು ಕೊಟ್ಟವನ ಮಾತನ್ನೂ ಎದುರಾಳಿಯ ಮಾತನ್ನೂ ಅವನೊಬ್ಬನೇ ತಿದ್ದಿ ತೀಡಿ ದೊರೆಗೆ ಒಪ್ಪಿಸುತ್ತಾನೆ. ಲಾಯರೆಂದರೆ ಕೋರ್ಟಿನ ಒಚಿಯಾಮೆ ತಾನೆ? ನಾನೂ ಹೂಂ ಎಂದೆ. ಗೊತ್ತಿದ್ದರಲ್ಲವೇ ಬೇಡವೆನ್ನಲು!

ಒಚಿಯಾಮೆಗೆ ಒಯ್ಯುವ ಹಾಗೆಯೇ ಒಂದು ಮದ್ಯದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆವು. ಲಾಯರ್ ಅಸುಮಾಂಗ್ ಅದನ್ನು ಮುಟ್ಟಲಿಲ್ಲ.

"ಅಮ್ಮ, ನಾನು ಬೋಹೆನ್ ಕಡೆಯವನು. ನೀವೂ ಒಬ್ಬರನ್ನ ಇಟ್ಕೋಬೇಕು."

"ಒಂದು ವ್ಯಾಜ್ಯಕ್ಕೆ ಎಷ್ಟು ಬಾಯಪ್ಪಾ?" ಅಕ್ಕ ನಕ್ಕಳು. "ನೀವಿದೀರಲ್ಲ, ಸಾಕು. ಬರ್ಕೊಳ್ಳಿ."

ಅವನು ಇನ್ನೊಮ್ಮೆ ಹೇಳಬಹುದಿತ್ತು. ಹೇಳದೆ ಪೆನ್ನು ಎತ್ತಿಕೊಂಡ. ಆ ಪೆನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅಕ್ಕ ಒಂದನ್ನೂ ಮುಚ್ಚಿಡಲಿಲ್ಲ. ಒಚಿಯಾಮೆಯ ಹತ್ತಿರ ಮುಚ್ಚಿಟ್ಟವರು ಕೆಡುತ್ತಾರೆಂದು ನಮ್ಮ ನಂಬಿಕೆ. ಇಟ್ಟಿಗೆಗೆ ರಸೀದಿ ಇಲ್ಲ. ಕಟ್ಟಿದ ಮೇಸ್ತ್ರಿ ಸತ್ತುಹೋದ. ಪಾಯ ತೆಗೆಯುವ ಮುಂಚೆ ಭಾವ, ಜಾಗ ಕೊಟ್ಟದ್ದಕ್ಕೆ ಕುರಿ ಕೊಟ್ಟು, ಕುಲದ ಹಿರಿಯರ ಎದುರು "ಮನೆ ನಿಮ್ಮದೇ" ಅಂದಿದ್ದರು. ಮರ್ಯಾದೆಗೆ ಎಲ್ಲರೂ ಅನ್ನುವ ಮಾತು ಅದು. ಅದನ್ನೂ ಹೇಳಿದಳು.

ಬಸ್ ನಿಲ್ದಾಣದಲ್ಲಿ ಅಕ್ಕ ಸುಟ್ಟ ಬಾಳೆಕಾಯಿ, ಕಡಲೆಕಾಯಿ ಕೊಡಿಸಿದಳು. "ಎಷ್ಟು ಚೆನ್ನಾಗಿ ಕೇಳಿಸ್ಕೊಂಡ ನೋಡೇ! ಆ ಬೋಹೆನ್ ಮಾತನ್ನ ಇಷ್ಟೊತ್ತು ಕೇಳಿರ್ತಾನಾ?"

ಕೋರ್ಟಿನಲ್ಲಿ ಅಸುಮಾಂಗ್ ಎದ್ದು ನಿಂತ. ಎಂಥ ಕಂಠ! ರಸೀದಿ ಇಲ್ಲವೆಂದ, ಅಕ್ಕ ತಲೆಯಾಡಿಸಿದಳು. ಮೇಸ್ತ್ರಿ ಇಲ್ಲವೆಂದ, ಪಾಪ ಹೌದು ಎಂದಳು. ಕುರಿಯ ವಿಷಯ ಬಂದಾಗ ನನ್ನ ಮೊಣಕೈ ತಿವಿದು, "ನೋಡು, ಒಂದೂ ಮರ್ತಿಲ್ಲ," ಎಂದು ಪಿಸುಗುಟ್ಟಿದಳು. ಪಕ್ಕದ ಬೆಂಚಿನಲ್ಲಿ ಬೋಹೆನ್ ಕೂಡ ತಲೆಯಾಡಿಸುತ್ತಿದ್ದ. ಅಕ್ಕನ ಸೆರಗು ಜಗ್ಗಿದೆ. ಜಗ್ಗಿ ಏನು ಹೇಳಲಿ?

ನ್ಯಾಯಾಧೀಶೆ ಕನ್ನಡಕ ತೆಗೆದು ಅಕ್ಕನನ್ನು ನೋಡಿದರು. "ಅಮ್ಮ, ನಿಮ್ಮ ಪರವಾಗಿ ಮಾತಾಡೋರು ಯಾರು?"

ಅಕ್ಕ ಎದ್ದು ಅಸುಮಾಂಗನ ಕಡೆ ಕೈ ತೋರಿಸಿದಳು. "ಇವರೇ ತಾಯಿ. ಎಲ್ಲಾ ಹೇಳಿದ್ರು. ಇಟ್ಟಿಗೆ ನಾನು ತಂದಿದ್ದು ಅನ್ನೋದೊಂದು ಬಾಕಿ ಇದೆ. ಈಗ ಹೇಳ್ತಾರೆ."

ಅಸುಮಾಂಗ್ ಕಾಗದಗಳನ್ನು ಮಡಚಿಟ್ಟು ಕೂತುಕೊಂಡ. ಅಕ್ಕ ನಿಂತೇ ಇದ್ದಳು, ಅವನ ಬಾಯಿಯನ್ನೇ ನೋಡುತ್ತ.