ನೆರೆಯವಳ ಓಪನ್ ಡೇ

ಎಣ್ಣೆ ಹಳೆಯದು, ವಡಾದ ವಾಸನೆಯೇ ಹೇಳುತ್ತದೆ, ಘಾಟ್ಕೋಪರ್ ಸ್ಟೇಷನ್ನಿನ ಬ್ರಿಡ್ಜ್ ಮೇಲೆ ಮಲ್ಲಕ್ಕ ಒಂದು ಕೈಯಿಂದ ಮೂಗು ಮುಚ್ಚಿಕೊಂಡಳು, ಇನ್ನೊಂದು ಕೈ ಖಾಲಿ, ಮಗಳು ಶೈಲಾ ಎರಡು ಹೆಜ್ಜೆ ಮುಂದೆ ನಡೆದಿದ್ದಾಳೆ, ಕೈಯನ್ನು ಯೂನಿಫಾರ್ಮಿನ ಜೇಬಿಗೆ ಇಳಿಸಿಕೊಂಡು — ಆ ಕೈ, ಹೇಗೆ ಬಿಡಿಸಿಕೊಂಡಿತು ಆ ಕೈ, ಸಾಲೆಯ ಮೇಜಿನ ಮುಂದೆ, ಜಗ್ಗಾಡಲಿಲ್ಲ, ಮುನಿಸಿಕೊಳ್ಳಲಿಲ್ಲ, ಒಂದೊಂದೇ ಬೆರಳು ಸಡಿಲಿಸಿಕೊಂಡು ಹೋಯಿತು, ಯಾರೋ ಹೊರಗಿನ ಮಂದಿಯ ಕೈಯೊಳಗಿಂದ ಹೋದ ಹಾಗೆ. ಮಂದಿಯೇ ಅಲ್ಲವೇ, ತಾನೇ ಬಾಯಿಬಿಟ್ಟು ಹೇಳಿದ್ದಲ್ಲವೇ. ಓಪನ್ ಡೇ ಅಂದರೆ ತಾಯಿತಂದೆ ಹೋಗಿ ಮಕ್ಕಳ ಪೇಪರು ನೋಡುವ ದಿನ, ಇಷ್ಟು ವರ್ಷ ಹೋಗುತ್ತಿದ್ದವಳು ಚಾಳಿನ ಬಾಜೂ ಖೋಲಿಯ ರಂಜನಾ, ಬಿ.ಕಾಂ. ಆದವಳು, ಫಟಫಟ ಇಂಗ್ಲಿಷ್ ಬರುವವಳು, ಯಾಕೆಂದರೆ ಜೂನಿಯರ್ ಕೆ.ಜಿ.ಗೆ ಸೀಟು ಸಿಗಬೇಕಾದರೆ ಕೂಸಿನ ಜೊತೆ ತಾಯಿತಂದೆಯೂ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಕೊಡಬೇಕಿತ್ತು, ಗಂಡ ಅಣವೀರಪ್ಪ ಕೈಯ ಸಿಮೆಂಟು ತೊಳೆಯುತ್ತ ಹೇಳಿದ್ದ, ರಂಜನಾ ಬಾಯಿನ್ನ ಅವ್ವ ಅಂತ ಕಳಸೂಣು, ನಾ ದುಬೈದಾಗ ಅದೀನಿ ಅಂತ ಹೇಳಲಿ, ಬೀಸೋ ದೊಣ್ಣಿ ತಪ್ಪಿದರ ಸಾವಿರ ವರ್ಷ ಆಯುಷ್ಯ. ಮನೆ ಬಿಟ್ಟು ಕುರ್ಲಾ ದಾಟದ ಗಂಡ ಬರೀ ಮಾತಿನಲ್ಲಿ ದುಬೈಗೆ ಹೋದ. ಚಾಳಿನಲ್ಲಿ ಇದು ಹೊಸದೇನಲ್ಲ, ಮದುವೆಗೆ ಸೀರೆ ಎರವಲು ಕೊಟ್ಟ ಹಾಗೆ ಇಂಟರ್‌ವ್ಯೂಗೆ ಅವ್ವನನ್ನೂ ಎರವಲು ಕೊಡುತ್ತಾರೆ. ಕೂಸಿನ ತಲೆ ಬಾಚುತ್ತ ಮಲ್ಲಕ್ಕನೇ ಕಲಿಸಿದ್ದಳು, ಸಾಲ್ಯಾಗ ರಂಜನಾಗ ಮಮ್ಮಿ ಅನಬೇಕು, ನಾ ಕಂಡರ ಆಂಟಿ ಅನಬೇಕು, ತಿಳೀತಿಲ್ಲೋ. ಒಂದೇ ಸಲಕ್ಕೆ ಕಲಿತಳು, ಎಂಥ ಶಾಣ್ಯಾ ಕೂಸು, ಸುಡಲಿ ಆ ಶಾಣ್ಯಾತನ.

ಮತ್ತೆ ತನಗೇಕೆ ಹತ್ತಬೇಕಿತ್ತು ಈ ಹುಚ್ಚು, ಭಾನುವಾರ ಬಾಲವಾಡಿಯ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೊತ್ತಿ ಕುಳಿತು ವಿನೋದಿನಿ ಟೀಚರ್ ಹತ್ತಿರ ಇಂಗ್ಲಿಷ್ ಕಲಿಯುವುದು, ವಾಕ್ಯ ಅದೇ ಇರಲಿ, ಅನ್ನುತ್ತಿದ್ದರು ಟೀಚರ್, ಕಡೀ ಶಬ್ದ ಅಷ್ಟ ಬದಲಿಸ್ರಿ, ಐ ಆಮ್ ಹರ್ ಮದರ್, ಐ ಆಮ್ ಹರ್ ಸಿಸ್ಟರ್, ಐ ಆಮ್ ಹರ್ ನೇಬರ್ — ಮಲ್ಲಕ್ಕ ಮಂದಿಯ ಮನೆಯ ಭಾಂಡೆ ತಿಕ್ಕುತ್ತ ಮೊದಲನೆಯ ವಾಕ್ಯವನ್ನೇ ತಿಕ್ಕಿದಳು, ಹೊಳೆಯುವ ತನಕ ತಿಕ್ಕಿದಳು, ಈ ವರ್ಷ ಹೊಸ ಟೀಚರ್, ರಂಜನಾಳ ಮುಖ ಕಂಡವರಲ್ಲ, ಈ ಸಲ ನಾನ ಹೋಗತೀನಿ, ನಾನ ಅವ್ವ ಅಂತ ಹೇಳತೀನಿ. ಹೋದಳು, ಇಸ್ತ್ರಿ ಮಾಡಿದ ಸೀರೆ, ಮಗಳ ಬೆಚ್ಚನೆಯ ಕೈ, ಹೊಸ ಟೀಚರ್ ನಗುತ್ತ ಯೂ ಆರ್ ಅಂದರು, ಮಲ್ಲಕ್ಕ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ತಲೆ ಎತ್ತಿದವರು ಹೆಡ್ ಮಿಸ್, ಅಂದು ರಂಜನಾಳ ಇಂಟರ್‌ವ್ಯೂ ತೆಗೆದುಕೊಂಡವರು, ಶೈಲಾ, ವೇರ್ ಈಸ್ ಮಮ್ಮಿ ಟುಡೇ — ಸುಳ್ಳು ಬಯಲಾಯಿತು, ಹೆಸರು ಹೊಡೆದು ಹಾಕುತ್ತಾರೆ, ಕೂಸಿನ ಸಾಲೆ ಹೋಯಿತು, ಹೋಯಿತು — ಐ ಆಮ್ ಹರ್ ನೇಬರ್. ತಡವರಿಸಲಿಲ್ಲ, ನಾಲಿಗೆ ಒಮ್ಮೆಯೂ ಎಡವಲಿಲ್ಲ, ಆಯುಷ್ಯದಲ್ಲಿ ಹೊರಗಿನವರ ಎದುರು ಆಡಿದ ಮೊದಲ ಇಂಗ್ಲಿಷ್ ಮಾತು. ವೆರಿ ಗುಡ್, ಅಂದರು ಹೆಡ್ ಮಿಸ್, ಆದರೆ ಪೇಪರು ನೆರೆಯವರಿಗೆ ತೋರಿಸುವ ಹಾಗಿಲ್ಲವಂತೆ, ಮಮ್ಮಿ ಬರಬೇಕಂತೆ. ಹೆತ್ತವಳು ಥ್ಯಾಂಕ್ಯೂ ಅಂದಳು. ಆಗಲೇ ಆ ಕೈ, ಒಂದೊಂದೇ ಬೆರಳು.

ಕೆಳಗೆ ಲೋಕಲ್ ಬಂದು ನಿಂತಿತು, ಮೆಟ್ಟಿಲ ತುಂಬ ಮಂದಿ ಏರಿ ಬರುತ್ತಿದ್ದಾರೆ, ಭುಜಕ್ಕೆ ಭುಜ, ಕೂಸು ತಪ್ಪಿಸಿಕೊಂಡೀತು, ಶೈಲಾ, ಕೈ ಹಿಡಿ, ನಿಂದರು, ಈಗ ಸಾಲಿಯವರು ಯಾರೂ ಇಲ್ಲ, ಅವ್ವ ಅನ್ನು, ಒಂದು ಸಲ ಅನ್ನು. ಶೈಲಾ ನಿಂತಳು, ಹಿಂದೆ ನೋಡಿದಳು, ಮುಂದೆ ನೋಡಿದಳು, ಅದೇ ಯೂನಿಫಾರ್ಮಿನ ಇನ್ನೊಂದು ಹುಡುಗಿ ತನ್ನ ತಾಯಿಯ ಜೊತೆ ಆಚೆಯ ಮೆಟ್ಟಿಲು ಇಳಿಯುತ್ತಿದ್ದಳು. ಇಧರ್ ನಹೀ, ಆಂಟಿ, ಅಂದಳು ಶೈಲಾ, ಮೆಲ್ಲಗೆ, ತಪ್ಪು ಮಾಡುತ್ತಿರುವವರನ್ನು ತಿದ್ದಿದ ಹಾಗೆ. ಮಂದಿ ನೂಕುತ್ತಿದ್ದಾರೆ, ಅರೇ ಬಾಯೀ ಚಲೋ ನಾ, ಮಲ್ಲಕ್ಕನ ಕಣ್ಣು ಆ ಜೇಬನ್ನು ಬಿಡುತ್ತಿಲ್ಲ, ಒಳಗೆ ಮುಷ್ಟಿ ಕಟ್ಟಿದೆ ಆ ಕೈ, ನೀಲಿ ಬಟ್ಟೆಯ ಮೇಲೆ ಪುಟ್ಟ ಗೆಣ್ಣುಗಳು ಎದ್ದು ಕಾಣುತ್ತಿವೆ, ಆ ಕೈ, ಆ ಕೈ —