ಮುಯ್ಯಿಗೆ ಹೋದ ದಿನಗಳು

ಮೊರದ ತುದಿಗೆ ಬಂದ ಕಲ್ಲನ್ನು ಹೆಬ್ಬೆರಳಿನಿಂದ ಆಚೆ ತಳ್ಳಿ ಮಲ್ಲಿಗಮ್ಮ ಇನ್ನೊಂದು ಬೊಗಸೆ ಹುರುಳಿ ಸುರಿದುಕೊಂಡಳು. ಅರ್ಧ ಚೀಲ ಕೇರಿದ್ದಾಗಿತ್ತು. ಹೊಟ್ಟು ಹಾರಿ ಸೆರಗಿನ ಮೇಲೆ, ಜಗಲಿಯ ಮೇಲೆ, ಬೀದಿಯವರೆಗೂ ಚೆಲ್ಲಿತ್ತು. ಪ್ರಿಯಾಂಕ ಬಂದವಳು ಹೊಟ್ಟು ತುಳಿಯದೆ ಆಚೆಯೇ ನಿಂತಳು.

"ದೊಡ್ಡವ್ವ, ಲಾಯರಮ್ಮ ಫೋನ್ ಮಾಡಿದ್ರು. ನಾಳೆ ನಿನ್ ಸಾಕ್ಷಿ ಅಂತೆ. ಇವತ್ತೊಂದ್ಸಲ ಬಂದೋಗ್ಲಿ ಅಂದ್ರು."

"ಉಳ್ಳಿ ಇಂಗೇ ಬುಟ್ಟು ಬಂದ್ರೆ ಕೋಳಿಗೊಳು ಸುಮ್ಕೆ ಬುಟ್ಟಾವೇನೆ?"

"ಅಪ್ಪ ಆಗ್ಲೇ ಬಿಳಿ ಪಂಚೆ ಉಟ್ಕಂಡು ಬಸ್‌ಸ್ಟಾಪಲ್ಲಿ ನಿಂತವ್ರೆ."

"ನಿಮ್ಮಪ್ಪ ತನ್ ಮದ್ವೆಗೂ ಇಷ್ಟ್ ಬೇಗ ಒಂಟಿರ್ನಿಲ್ಲ ಬುಡು," ಎಂದು ಮಲ್ಲಿಗಮ್ಮ ಎದ್ದು ಸೆರಗು ಕೊಡವಿದಳು. ಮೊರವನ್ನು ಚೀಲದ ಬಾಯಿಗೆ ಮುಚ್ಚಿ, ಒಳಗಿದ್ದ ಸೊಸೆಗೆ ಕೂಗಿ ಹೇಳಿ ಹೊರಟಳು.

ಪ್ರಿಯಾಂಕ ಪಟ್ಟಲಮ್ಮನ ಮಗಳು. ಪಟ್ಟಲಮ್ಮನೂ ಮಲ್ಲಿಗಮ್ಮನೂ ಪೂರಿಗಾಲಿಯ ಈ ಒಂದೇ ಬೀದಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ಹೋದ ವರ್ಷ ನಾಟಿಯ ಕಾಲದಲ್ಲಿ ಮಲ್ಲಿಗಮ್ಮನ ಗದ್ದೆಯಿಂದ ಹಿಂದಿರುಗುವಾಗ ಪಟ್ಟಲಮ್ಮ ರಸ್ತೆಯ ಬದಿಯ ಕಾಲುವೆಯಲ್ಲಿ ಕೆಸರು ತೊಳೆಯಲು ನಿಂತಿದ್ದಳು. ಜಲ್ಲಿ ತುಂಬಿದ ಟಿಪ್ಪರೊಂದು ರಸ್ತೆ ಬಿಟ್ಟು ಅವಳ ಮೇಲೆ ಬಂತು. ಸ್ವಲ್ಪ ಹಿಂದೆ ಬರುತ್ತಿದ್ದ ಮಲ್ಲಿಗಮ್ಮ ಅದನ್ನು ಕಣ್ಣಾರೆ ಕಂಡವಳು. ಪರಿಹಾರದ ಕೇಸು ಈಗ ಮಳವಳ್ಳಿ ಕೋರ್ಟಿನಲ್ಲಿದೆ. ಫೀಸು ಕೊಡಲಾಗದವರೆಂದು ಕಾನೂನು ಸೇವಾ ಸಮಿತಿಯವರು ಕವಿತ ಎಂಬ ವಕೀಲೆಯನ್ನು ಗೊತ್ತುಮಾಡಿಕೊಟ್ಟಿದ್ದರು.

ಕವಿತಳ ಆಫೀಸು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ಮೂವರನ್ನೂ ಕೂರಿಸಿ, ಟೀ ತರಿಸಿ, ಅವಳು ಫೈಲು ಬಿಚ್ಚಿದಳು.

"ಟಿಪ್ಪರಿನವನದೇ ತಪ್ಪು ಅನ್ನೋದರಲ್ಲಿ ಗೊಂದಲ ಇಲ್ಲ ಮಲ್ಲಿಗಮ್ಮ. ನೀವು ನೋಡಿದ್ದೀರಿ, ಹೇಳ್ತೀರಿ. ಕಷ್ಟ ಇರೋದು ಬೇರೆ ಕಡೆ." ಪಟ್ಟಲಮ್ಮನ ಗಂಡ ಮುದ್ದಯ್ಯನ ಕಡೆ ತಿರುಗಿದಳು. "ಯಜಮಾನ್ರೇ, ಅವತ್ತು ಪೊಲೀಸರ ಹತ್ರ ನೀವು ಏನು ಹೇಳಿದ್ರಿ, ನೆನಪಿದೆಯಾ? 'ನನ್ನ ಹೆಂಡತಿ ಮನೆಯಲ್ಲೇ ಇದ್ದವಳು, ಯಾರ ಹೊಲಕ್ಕೂ ಕೂಲಿಗೆ ಹೋದವಳಲ್ಲ' ಅಂತ."

"ಊ ಮತ್ತೆ. ದಿಟ್ವೇ ಏಳಿವ್ನಿ," ಎಂದ ಮುದ್ದಯ್ಯ. ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕುಳಿತ.

"ನೀವು ಮರ್ಯಾದೆಗೆ ಅಂತ ಹೇಳಿದ್ರಿ. ಇನ್ಶೂರೆನ್ಸ್ ಕಂಪ್ನಿ ವಕೀಲರಿಗೆ ಅದೇ ಹಬ್ಬ. ಅವಳಿಗೆ ದುಡಿಮೆಯೇ ಇರಲಿಲ್ಲ, ಗಂಡನೇ ಹೇಳಿದ್ದಾನೆ ಅಂತಾರೆ. ಮನೆಗೆಲಸಕ್ಕೂ ಕೋರ್ಟು ಒಂದು ಬೆಲೆ ಕಟ್ಟುತ್ತೆ, ಇಲ್ಲ ಅನ್ನಲ್ಲ. ಹೊರಗೂ ದುಡೀತಿದ್ರು ಅಂತ ಗೊತ್ತಾದ್ರೆ ಪರಿಹಾರ ಹೆಚ್ಚಾಗುತ್ತೆ. ಈ ಹುಡುಗಿ ಬಿ.ಎಡ್. ಅರ್ಧಕ್ಕೆ ಬಿಟ್ಟು ಬಟ್ಟೆ ಅಂಗಡೀಲಿ ನಿಂತಿದ್ದಾಳಲ್ಲ, ವಾಪಸ್ ಕಾಲೇಜಿಗೆ ಹೋಗ್ಬೇಕು ಅಂದ್ರೆ ಇರೋದು ಅದೊಂದೇ ದಾರಿ."

"ಅವ್ವ ಮುಯ್ಯಿಗೆ ಹೋಗ್ತಿದ್ಲಲ್ಲ ಮೇಡಂ? ವಾರದಲ್ಲಿ ಎರಡ್ಮೂರು ದಿನ ಮುಯ್ಯಿನೇ," ಎಂದಳು ಪ್ರಿಯಾಂಕ.

"ನಾನೂ ಸೋಮನಹಳ್ಳಿಯವಳೇ ಕಣಮ್ಮ, ಮುಯ್ಯಿ ಗೊತ್ತು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ದುಡ್ಡಿನ ಮಾತೇ ಇಲ್ಲ. ಆ ಕಡೆ ವಕೀಲರು ಅದನ್ನ ಸ್ನೇಹ ಅಂತಾರೆ, ಸಂಪಾದನೆ ಅನ್ನಲ್ಲ." ಕವಿತ ಮಲ್ಲಿಗಮ್ಮನನ್ನು ನೋಡಿದಳು. "ನಾಳೆ ಅವರು ನಿಮ್ಮನ್ನ ಖಂಡಿತ ಕೇಳ್ತಾರೆ, ಪಟ್ಟಲಮ್ಮ ಯಾವತ್ತೂ ಕೂಲಿಗೆ ಹೋಗ್ತಿರಲಿಲ್ಲ ಅಲ್ವಾ ಅಂತ. ಇಲ್ಲದ್ದನ್ನ ಸೇರಿಸಬೇಡಿ, ಇದ್ದದ್ದನ್ನ ಬಿಡಬೇಡಿ. ಹೋಗ್ತಿದ್ರಾ?"

ಮಲ್ಲಿಗಮ್ಮ ಬಾಯಿ ತೆರೆಯುವ ಮೊದಲೇ ಮುದ್ದಯ್ಯ ಮಾತೆತ್ತಿದ.

"ಅವ್ಳನ್ನೇನ್ ಕೇಳೀರಿ? ನಮ್ಮಪ್ಪ ಜೀತ ಮಾಡ್ದೋನು ಕಣಮ್ಮ. ನಮ್ಮವ್ವ ಬಸ್ರೀಲೂ ಅವ್ರ ಒಲ್ದಲ್ಲಿ ಬಗ್ದೋಳು. ನಮ್ಗೆ ಅಂತ ಅರ್ಧ ಎಕ್ರೆ ಆದ್ ದಿನ ಅಪ್ಪ ನನ್ ಕೈಲಿ ಮಣ್ ಮುಟ್ಸಿ ಆಣೆ ಮಾಡುಸ್ದ. ನಮ್ಮನೆ ಎಣ್ಮಕ್ಳು ಇನ್ ಯಾರ್ ಒಲ್ದಲ್ಲೂ ಕೂಲಿಗೆ ಬಗ್ಗಬಾರ್ದು ಅಂತವ. ಪಟ್ಟಲಿ ಅದ್ನ ಮೀರ್ನಿಲ್ಲ. ಅಲ್ವೇನವ್ವ ಮಲ್ಲಿಗಮ್ಮ?"

ಮಲ್ಲಿಗಮ್ಮ ಲೋಟದ ತಳದಲ್ಲಿ ಉಳಿದಿದ್ದ ಟೀ ಕುಡಿದಳು. "ಈ ಬಸ್ಸು ಓದ್ರೆ ಇನ್ ಸಂಜೆಗೇಯ," ಎಂದಳು.

ಕವಿತ ಒಂದು ಗಳಿಗೆ ಅವಳ ಮುಖವನ್ನೇ ನೋಡಿ ಫೈಲು ಮುಚ್ಚಿದಳು. ಮೆಟ್ಟಿಲಿನ ಬಳಿ ಮಾತ್ರ, ಉಳಿದಿಬ್ಬರೂ ಕೆಳಗಿಳಿದ ಮೇಲೆ, "ಏನಾದ್ರೂ ನೆನಪಾದ್ರೆ ಫೋನ್ ಮಾಡಿ," ಎಂದಳು.

ಬಸ್ಸಿನಲ್ಲಿ ಅಪ್ಪ ಮಗಳು ಮುಂದಿನ ಸೀಟಿನಲ್ಲಿ ಕುಳಿತರು. ಮಲ್ಲಿಗಮ್ಮ ಹಿಂದೆ, ಕಿಟಕಿಯ ಪಕ್ಕ. ನೆನಪಾಗುವುದೇನು ಬಂತು, ಮರೆತಿದ್ದರೆ ತಾನೆ.

ಪಟ್ಟಲಮ್ಮ ಮೀರಿದ್ದಳು.

ಪ್ರಿಯಾಂಕ ಪಿಯುಸಿ ಮುಗಿಸಿದ ವರ್ಷ ಅದು. ಇಬ್ಬರೂ ಕಳೆ ಕೀಳುತ್ತಿದ್ದಾಗ ಪಟ್ಟಲಮ್ಮ ತಲೆ ಎತ್ತದೆಯೇ ಹೇಳಿದ್ದಳು: "ಮಲ್ಲಿ, ದೊಡ್ಡಿ ಕಡೆ ಕಬ್ಬಿನ್ ಕಳೆಗೆ ಎಂಗಸ್ರು ಬೇಕಂತೆ. ಆಟೋನೂ ಅವ್ರೇ ಕಳುಸ್ತಾರಂತೆ. ಮನೇಲಿ ಮುಯ್ಯಿ ಅಂದ್ಬುಡಾನ." ಭಾರತೀನಗರವನ್ನು ಅವರೆಲ್ಲ ಈಗಲೂ ದೊಡ್ಡಿ ಎಂದೇ ಕರೆಯುವುದು.

"ಯಾರ್ ಒಲ್ದ್ ಮುಯ್ಯಿ ಅಂದ್ರೆ?"

"ನಾನು ನಿನ್ ಒಲಕ್ಕೆ ಅಂತೀನಿ. ನೀನು ನನ್ ಒಲಕ್ಕೆ ಅನ್ನು."

"ನಿನ್ ಒಲ್ದಲ್ಲಿ ನಿನ್ ಗಂಡನೇ ನಿಂತಿರ್ತಾನಲ್ಲೆ, ಮಂಕೆ!"

ಪಟ್ಟಲಮ್ಮ ನಕ್ಕು ನಕ್ಕು ಕೆಸರಿನಲ್ಲೇ ಕುಸಿದು ಕೂತಿದ್ದಳು. ಕೊನೆಗೆ ಎಲ್ಲ ಮುಯ್ಯಿಯೂ ಮಲ್ಲಿಗಮ್ಮನ ಗದ್ದೆಗೇ ಎಂದಾಯಿತು. ಅದು ನಾಲೆಯ ಆಚೆ, ಮುದ್ದಯ್ಯ ಅಷ್ಟು ದೂರ ನಡೆಯುವವನಲ್ಲ. ಮಗಳ ಕಾಲೇಜಿನ ಖರ್ಚು ಹೆಂಗಸರ ಸಂಘದಿಂದ ಬಂತು ಎಂದರೆ ಅವನು ನಂಬುತ್ತಿದ್ದ.

ಹೊತ್ತು ಮೂಡುವ ಮುಂಚೆಯೇ ಲಗೇಜ್ ಆಟೋದ ಹಿಂದೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಕಾರ್ಖಾನೆ ಹತ್ತಿರವಾದಂತೆ ಬೆಲ್ಲ ಸೀದಂಥ ವಾಸನೆ. ಪಟ್ಟಲಮ್ಮ ಅದನ್ನು ಎದೆ ತುಂಬ ಎಳೆದುಕೊಂಡು, "ಊಟ ಆದಂಗಾಯ್ತು," ಎನ್ನುತ್ತಿದ್ದಳು. ಕಬ್ಬಿನ ಗರಿ ಕೈ ಕುತ್ತಿಗೆಯನ್ನೆಲ್ಲ ಗೀರುತ್ತಿತ್ತು. ಮಧ್ಯಾಹ್ನ ಸಾಲಿನ ನೆರಳಿನಲ್ಲಿ ತಣ್ಣಗಿನ ಮುದ್ದೆಗೆ ಒಬ್ಬರ ಸಾರು ಇನ್ನೊಬ್ಬರು ಸುರಿದುಕೊಂಡು ಉಣ್ಣುವುದು. ಅತ್ತೆಯ ವಿಷಯ, ಗಂಡನ ವಿಷಯ, ಯಾರಿಗೂ ಆಡದ ಮಾತು ಅಲ್ಲಿ ಆಡುವುದು. ಸಂಜೆ ಊರ ಹತ್ತಿರ ಇಳಿದು ನಾಲೆಯಲ್ಲಿ ಕೈಕಾಲು ಮುಖ ತೊಳೆದು, ಕಬ್ಬಿನ ಧೂಳು ಹೋದ ಮೇಲೆ ಪಟ್ಟಲಮ್ಮ ಗದ್ದೆಗೆ ಇಳಿದು ಒಂದು ಹಿಡಿ ಕೆಸರು ತೆಗೆದು ಇಬ್ಬರ ಕಾಲಿಗೂ ಬಳಿಯುತ್ತಿದ್ದಳು. "ಉಂ, ಈಗ ಮುಯ್ಯಿ ಮಾಡ್ದಂಗ್ ಕಾಣ್ತೀಯ." ಮದುವೆಗೆ ಕಾಲಿಗೆ ಅರಿಶಿನ ಹಚ್ಚುವಂತೆ ಬೆರಳ ಸಂದಿಯನ್ನೂ ಬಿಡದೆ ಹಚ್ಚುತ್ತಿದ್ದಳು.

ಒಂದು ದಿನ ಆಟೋ ದೊಡ್ಡಿಯ ಬಸ್‌ಸ್ಟ್ಯಾಂಡಿನ ಬಳಿ ಕೆಟ್ಟು ನಿಂತಿತು. ಕಾಲೇಜು ಬಿಟ್ಟ ಹೊತ್ತು. ಹುಡುಗಿಯರ ಗುಂಪಿನಲ್ಲಿ ಪ್ರಿಯಾಂಕ! ಪಟ್ಟಲಮ್ಮ ಮಲ್ಲಿಗಮ್ಮನನ್ನು ಎಳೆದುಕೊಂಡು ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಅಡಗಿದಳು. ಹುಡುಗಿ ಗೆಳತಿಯರ ಜೊತೆ ಬೋಂಡ ತಿನ್ನುತ್ತ ಏನೋ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದಳು.

"ನೋಡಮ್ಮಿ, ಎಂಗ್ ಮಾತಾಡ್ತಾಳೆ! ನಮ್ಮನೇಲಿ ಬಾಯೇ ಬುಡಾಕಿಲ್ಲ ಮುಂಡೇದು."

"ಓಗಿ ಮಾತಾಡ್ಸು."

"ಈ ಕೈ ಇಟ್ಕಂಡಾ?" ಕರಿ ಹಿಡಿದ ಅಂಗೈ ತೋರಿಸಿ ನಕ್ಕಳು. ಬಸ್ಸು ಬಂದು ಹುಡುಗಿಯರು ಹತ್ತಿಹೋಗುವವರೆಗೂ ಅಲ್ಲೇ ನಿಂತಿದ್ದಳು. ಆಟೋ ರಿಪೇರಿಯಾಗಿ ಹೊರಟ ಮೇಲೆ ಹೇಳಿದಳು: "ಇವ್ಳಪ್ಪಂಗೆ ಏಳ್ದೆ ಇರಾದು ಎದ್ರುಕೊಂಡಲ್ಲ ಕಣ್ ಮಲ್ಲಿ. ಒಡ್ಯಾಕಿಲ್ಲ, ಬಯ್ಯಾಕಿಲ್ಲ ಅವ್ನು. ಅವರಪ್ಪನ್ ನೆನ್ಸ್ಕಂಡು ಒಬ್ನೇ ಕೂತ್ಕಂಡ್ ಅಳ್ತಾನೆ. ಅದ್ ನನ್ ಕೈಲಿ ನೋಡಾಕಾಗಲ್ಲ. ನೀನೂ ಯಾವತ್ತೂ ಬಾಯ್ಬುಡ್ಬೇಡ."

"ಬುಡಾಕಿಲ್ಲ," ಎಂದಿದ್ದಳು ಮಲ್ಲಿಗಮ್ಮ.

ಪಟ್ಟಲಮ್ಮ ಸತ್ತ ದಿನ ಮಾತ್ರ ನಿಜವಾಗಿಯೂ ಮುಯ್ಯಿಗೇ ಬಂದಿದ್ದಳು.

ಬಸ್ಸು ನಿಂತು ಯಾರೋ ಇಳಿದರು. ಮುದ್ದಯ್ಯ ಹಿಂದಕ್ಕೆ ಬಾಗಿ ಒಂದು ಹಿಡಿ ಕಡಲೆಕಾಯಿ ಕೊಟ್ಟ. "ತಗೊಳವ್ವ. ನಾಳೀಕೆ ಟಿಪ್ಪರ್ ಬಂದುದ್ದ ಏಳ್ಬುಡು, ಸಾಕು. ಅವಳ ಮರ್ವಾದಿ ಒಂದುಳೀಲಿ."

"ಉಂ," ಎಂದಳು. ಅವನ ಅಂಗಿಯ ಕಾಲರು ಸವೆದು ನೂಲು ಎದ್ದಿತ್ತು. ಪಕ್ಕದಲ್ಲಿ ಪ್ರಿಯಾಂಕ, ದಿನಾ ಅಂಗಡಿಯಲ್ಲಿ ಸೀರೆ ಮಡಿಸಿ ಮಡಿಸಿ ಸೋತ ಕೈಗಳನ್ನು ಮಡಿಲಲ್ಲಿಟ್ಟು ತೂಕಡಿಸುತ್ತಿದ್ದಳು.

ಪಟ್ಟಲಮ್ಮ ಬಗ್ಗಿದ್ದು ಈ ಹುಡುಗಿ ಓದಲೆಂದು. ಬಗ್ಗಿದ್ದೇ ಸುಳ್ಳೆಂದರೆ ಓದೂ ಇಲ್ಲ, ಆ ಕಬ್ಬಿನ ಸಾಲುಗಳೂ ಇಲ್ಲ, ತಾವಿಬ್ಬರು ನಕ್ಕಿದ್ದೂ ಇಲ್ಲ. ಕೊಟ್ಟ ಮಾತು ಬದುಕಿದ್ದವಳಿಗೆ ಕೊಟ್ಟದ್ದು. ಅವಳೇ ಇದ್ದಿದ್ದರೆ ಮಗಳಿಗಾಗಿ ಈ ಮಾತನ್ನೂ ತಾನೇ ಮೀರುತ್ತಿದ್ದಳು, ಮೀರಿ ನಗುತ್ತಿದ್ದಳು.

ಕೇಳಲಿ ಆ ವಕೀಲ. ಹೋಗುತ್ತಿದ್ದಳು ಸ್ವಾಮಿ, ನನ್ನ ಜೊತೆಗೇ ಹೋಗುತ್ತಿದ್ದಳು ಎನ್ನಬೇಕು. ಯಾರ ಹೊಲ, ಯಾವ ಮೇಸ್ತ್ರಿ, ಎಲ್ಲ ಹೇಳಬೇಕು. ಕವಿತಳಿಗೆ ಈಗಲೇ ಹೇಳಿದರೆ ಅವಳು ಮುದ್ದಯ್ಯನಿಗೆ ಹೇಳದೆ ಇರಲಾರಳು. ಅವನು ಸಾಕ್ಷಿಯೇ ಬೇಡ ಎಂದು ಹಟ ಹಿಡಿಯುತ್ತಾನೆ. ಕೋರ್ಟಿನೊಳಗೆ ಜಡ್ಜ್ ಸಾಹೇಬರ ಮುಂದೆ ಹಟ ಮಾಡುವ ಹಾಗಿಲ್ಲ, ಕೂತು ಕೇಳಲೇಬೇಕು. ಅಳುತ್ತಾನೆ. ಹೊರಗೆ ಬಂದ ಮೇಲೆ ಮರದ ಕೆಳಗೆ ಕೂರಿಸಿಕೊಂಡು ಅವನಿಗೆ ಪೂರ್ತಿ ಹೇಳಬೇಕು. ಟ್ರ್ಯಾಕ್ಟರಿನ ಹಿಂದೆ ಅಡಗಿದ್ದನ್ನೂ.

ಬಸ್ಸು ಹಳ್ಳಕ್ಕೆ ಕುಕ್ಕಿದಾಗ ಪ್ರಿಯಾಂಕ ಎಚ್ಚೆತ್ತು ಹಿಂದಕ್ಕೆ ತಿರುಗಿದಳು. "ಏನ್ ದೊಡ್ಡವ್ವ, ಅಷ್ಟೊಂದ್ ಯೋಚ್ನೆ?"

"ಏನಿಲ್ಲ ಕಣೆ. ನಾಳೀಕೆ ಯಾವ್ ಸೀರೆ ಉಡಾನ ಅಂತವ," ಎಂದು ಮಲ್ಲಿಗಮ್ಮ ಕಡಲೆಕಾಯಿ ಸುಲಿಯತೊಡಗಿದಳು.